ಗುಡ್ಡದಿಂದ ಬರುವ ನೀರಿನ ಪೈಪು ರಾತ್ರಿಯೇ ಯಾಕೆ ಒಡೆಯುತ್ತದೆ? ಮನೆಯಲ್ಲಿ ವಯಸ್ಸಾದವರಿಬ್ಬರೇ ಇದ್ದಾರೆ, ಸಲಹೆ ಬೇಕು

ಮೇಗರವಳ್ಳಿ ಕಡೆಯವ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿ–ಆಗುಂಬೆ ರಸ್ತೆಯಲ್ಲಿ ಮೇಗರವಳ್ಳಿಯಿಂದ ಸ್ವಲ್ಪ ಒಳಗೆ. ನಾನು ಬೆಂಗಳೂರಿನಲ್ಲಿದ್ದೇನೆ, ಊರಲ್ಲಿ ಅಪ್ಪ ಅಮ್ಮ ಇಬ್ಬರೇ. ನಿನ್ನೆ ನಡುರಾತ್ರಿ ಅಮ್ಮ ಫೋನ್ ಮಾಡಿದರು. ಬಚ್ಚಲ ಹಿಂದಿನ ಗೋಡೆಯೊಳಗೆ ಪೈಪು ಒಡೆದು ನಡುಮನೆಗೆಲ್ಲ ನೀರು. ಅಪ್ಪ ಒಡೆದ ಜಾಗಕ್ಕೆ ಗೋಣಿಚೀಲ ತುರುಕಿ, ಅದರ ಮೇಲೆ ಒರಳುಕಲ್ಲಿನ ಗುಂಡು ಒತ್ತಿ ಇಟ್ಟಿದ್ದಾರಂತೆ. ನೀರೇನೂ ನಿಂತಿಲ್ಲ, ಪಕ್ಕದಿಂದ ಬರುತ್ತಿದೆ ಅಷ್ಟೆ.

ನಮ್ಮದು ಅಬ್ಬಿ ನೀರು. ಗುಡ್ಡದ ಮೇಲಿನ ಒರತೆಯಿಂದ ಕರಿ ಪೈಪಿನಲ್ಲಿ ನೇರವಾಗಿ ಮನೆಯ ನಲ್ಲಿಗಳಿಗೆ ಬರುತ್ತದೆ. ನಡುವೆ ಟ್ಯಾಂಕು ಇಲ್ಲ. ಒರತೆ ಮನೆಗಿಂತ ಸುಮಾರು 200 ಅಡಿ ಎತ್ತರದಲ್ಲಿದೆ. ಬಚ್ಚಲು ಹೊಸದಾಗಿ ಕಟ್ಟಿಸುವಾಗ ಗೋಡೆಯೊಳಗೆ ಬಿಳಿ ಪಿವಿಸಿ ಹಾಕಿದ್ದು. ಹಿಂದೆಯೂ ಅಂಗಳದಲ್ಲಿ ಈ ಲೈನು ಒಡೆದಿತ್ತು, ಆಗಲೂ ರಾತ್ರಿಯೇ. ಪ್ಲಂಬರ್ ನಾಡಿದ್ದು ಬರುತ್ತಾರಂತೆ. ಅಲ್ಲಿಯವರೆಗೆ ಏನು ಮಾಡಬೇಕು? ಮತ್ತೆ ಇದು ರಾತ್ರಿಯೇ ಯಾಕೆ ಒಡೆಯುತ್ತದೆ ಮಾರಾಯ್ರೇ?

ಗೋಪಾಳದ ಪ್ಲಂಬರ್

ಅಣ್ಣ, ಮೊದಲು ಆ ಗುಂಡುಕಲ್ಲು ತೆಗೆಸಿ. ಒಡೆದ ಬಾಯಿ ಮುಚ್ಚುವುದರಲ್ಲಿ ಪ್ರಯೋಜನವಿಲ್ಲ. ನೀರು ಎಲ್ಲಿಂದ ಹೊರಡುತ್ತದೋ ಅಲ್ಲಿ ನಿಲ್ಲಿಸಬೇಕು. ಅದಾಗದಿದ್ದರೆ ಮನೆಯೊಳಗೆ ಬರುವ ಮುಂಚೆಯೇ ಬೇರೆ ದಾರಿ ಕೊಡಬೇಕು.

ನಿಮಗೆ ಟ್ಯಾಂಕಿಲ್ಲ, ಹಾಗಾಗಿ ಮನೆಯಲ್ಲಿ ತಿರುಗಿಸಲು ವಾಲ್ವೂ ಇರಲಿಕ್ಕಿಲ್ಲ. ಹಗಲಾದರೆ ಯಾರಾದರೂ ಗುಡ್ಡ ಹತ್ತಿ, ಒರತೆಯ ಗುಂಡಿಯಿಂದ ಪೈಪಿನ ತುದಿ ಎಳೆದು ಆಚೆ ಹಾಕಿದರೆ ಸಾಕು. ರಾತ್ರಿ, ಮಳೆ, ಉಂಬಳ, ಜಾರುವ ದಾರಿ. ಆ ಹೊತ್ತಲ್ಲಿ ವಯಸ್ಸಾದವರನ್ನು ಮೇಲೆ ಕಳಿಸುವ ಮಾತೇ ಬೇಡ. ಕರಿ ಪೈಪು ಅಂಗಳದಲ್ಲಿ ಎಲ್ಲಿ ಕೈಗೆ ಸಿಗುತ್ತದೋ ನೋಡಿ. ಮನೆಯ ಗೋಡೆಯಿಂದ ದೂರ, ನೀರು ತೋಟದ ಕಡೆ ಹರಿದು ಹೋಗುವ ಜಾಗ ಆರಿಸಿ, ಹ್ಯಾಕ್ಸಾ ಬ್ಲೇಡಿನಲ್ಲಿ ಪೈಪನ್ನು ಕುಯ್ದುಬಿಡಿ. ಬ್ಲೇಡ್ ಇಲ್ಲದಿದ್ದರೆ ಕತ್ತಿ. ನೀರು ಅಲ್ಲೇ ಸುರಿಯುತ್ತದೆ, ಒಳಗೆ ಬರುವುದು ತಾನಾಗಿ ನಿಲ್ಲುತ್ತದೆ.

ರಿಪ್ಪನ್‌ಪೇಟೆ ಹುಡುಗ

ಒಂದು ಕಡೆ ಒಡೆದಿದೆ ಅಂತ ಸರಿ ಇರುವ ಪೈಪನ್ನೂ ಕುಯ್ಯುವುದಾ? ಕರಿ ಪೈಪು ಮೆತ್ತಗಿರುತ್ತದೆ. ಮಡಚಿ ಬೈಂಡಿಂಗ್ ವೈರಿನಲ್ಲಿ ಬಿಗಿದು ಕಟ್ಟಿದರೆ ಆಗಲ್ವಾ? ನಾವು ತೋಟದಲ್ಲಿ ಹಾಗೇ ಮಾಡುತ್ತೇವೆ.

ಗೋಪಾಳದ ಪ್ಲಂಬರ್

ತೋಟದ ಪೈಪಿನ ತುದಿಗೆ ಅದು ಸರಿ. ಇಲ್ಲಿ ಮಡಚಿ ಕಟ್ಟಿದರೆ 200 ಅಡಿ ನೀರಿನ ಭಾರ ಪೂರ್ತಿ ಆ ಮಡಿಕೆಯ ಹಿಂದೆ ನಿಲ್ಲುತ್ತದೆ. ಇನ್ನೊಂದು ಕಡೆ ಒಡೆಯುತ್ತದೆ. ಅದೂ ಕಾಡಿನೊಳಗೆ ಒಡೆದರೆ ಹುಡುಕುವವರು ಯಾರು? ಕುಯ್ದ ಜಾಗಕ್ಕೆ ಆಮೇಲೆ ಒಂದು ಜಾಯಿಂಟರ್ ಹಾಕಿದರಾಯ್ತು, ದೊಡ್ಡ ಖರ್ಚಲ್ಲ. ನೆನೆದ ಗೋಡೆಗೆ ಅಂಥ ಜಾಯಿಂಟರ್ ಎಲ್ಲಿಂದ ತರುತ್ತೀರಿ?

ಕರೆಂಟ್ ಕೆಲಸದವ, ಸಾಗರ

ನೀರಿನ ಮಾತು ಆಯ್ತು. ಕರೆಂಟಿನ ಬಗ್ಗೆ ಯಾರೂ ಹೇಳಲಿಲ್ಲ.

ನಡುಮನೆಗೆ ನೀರು ಬಂದಿದೆ ಅಂದರೆ ಮೊದಲ ಕೆಲಸ ಮೇನ್ ಸ್ವಿಚ್ ಆಫ್ ಮಾಡುವುದು. ಆದರೆ ಮೇನ್ ಬೋರ್ಡ್ ಇರುವ ಗೋಡೆ ಒದ್ದೆಯಾಗಿದ್ದರೆ, ಅಥವಾ ಅದರ ಬುಡದಲ್ಲಿ ನೀರು ನಿಂತಿದ್ದರೆ ಮುಟ್ಟಲೇಬೇಡಿ. ಮನೆಯಿಂದ ಹೊರಗೆ ಬಂದು ಲೈನ್‌ಮನ್‌ಗೆ ಫೋನ್ ಮಾಡಿ. ನಮ್ಮ ಜಿಲ್ಲೆ ಮೆಸ್ಕಾಂಗೆ ಬರುತ್ತದೆ, ಸಹಾಯವಾಣಿ 1912.

ಇನ್ನು ಹೆಚ್ಚಿನವರು ಮರೆಯುವುದು ಇನ್ವರ್ಟರ್. ಮಲೆನಾಡಿನಲ್ಲಿ ಇನ್ವರ್ಟರ್ ಇಲ್ಲದ ಮನೆ ಕಡಿಮೆ ಅಲ್ವಾ? ಮೇನ್ ಆಫ್ ಮಾಡಿದ ಕೂಡಲೇ ಅದು ಕರೆಂಟು ಹೋಯ್ತು ಅಂದುಕೊಂಡು ತಾನು ಶುರುವಾಗುತ್ತದೆ. ದೀಪ, ಫ್ಯಾನಿನ ವೈರಿನಲ್ಲಿ ಆಗಲೂ 230 ವೋಲ್ಟ್ ಇರುತ್ತದೆ. ಮೇನ್ ಆಫ್ ಮಾಡಿದ್ದೇನೆ ಅಂತ ಒದ್ದೆ ಸ್ವಿಚ್‌ಬೋರ್ಡಿಗೆ ಕೈ ಹಾಕಿದರೆ ಕತೆ ಮುಗಿಯಿತು. ಇನ್ವರ್ಟರಿನ ಸ್ವಿಚ್ಚನ್ನೂ ಆಫ್ ಮಾಡಬೇಕು.

ಪಂಪ್‌ಸೆಟ್ ಇದ್ದವರ ಮನೆಯಲ್ಲಿ ಆಟೋ ಸ್ಟಾರ್ಟರ್ ಇದ್ದರೆ ಅದನ್ನೂ ನೋಡಿ. ಕರೆಂಟು ಬಂದ ತಕ್ಷಣ ಪಂಪು ತಾನೇ ಚಾಲೂ ಆಗಿ ಒಡೆದ ಪೈಪಿಗೇ ನೀರು ನೂಕುತ್ತದೆ. ಸಾಧ್ಯವಾದರೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್) ಒಂದನ್ನು ಹಾಕಿಸಿಕೊಳ್ಳಿ. ಎಂಸಿಬಿ (ಲೋಡು ಜಾಸ್ತಿಯಾದರೆ ಬೀಳುವ ಸ್ವಿಚ್) ಇದೆ ಸಾಕು ಅನ್ನುತ್ತಾರೆ. ಎಂಸಿಬಿ ಉಳಿಸುವುದು ವೈರನ್ನು. ಮನುಷ್ಯರನ್ನು ಉಳಿಸುವುದು ಆರ್‌ಸಿಸಿಬಿ. ಇನ್ವರ್ಟರ್ ಲೈನಿಗೂ ಬೇರೆ ಒಂದು ಬೇಕು, ಅದನ್ನು ಹಾಕಿಸುವವರು ಬಹಳ ಕಡಿಮೆ.

ಮೇಗರವಳ್ಳಿ ಕಡೆಯವ

ಇನ್ವರ್ಟರ್ ವಿಷಯ ಗೊತ್ತೇ ಇರಲಿಲ್ಲ ಸಾರ್. ಈಗಲೇ ಫೋನ್ ಮಾಡಿ ಹೇಳಿದೆ. ಅಂಗಳದ ಪೈಪನ್ನು ಪಕ್ಕದ ಮನೆಯ ಗೌಡ್ರು ಬಂದು ಕುಯ್ದರು. ಒಳಗೆ ನೀರು ಬರುವುದು ನಿಂತಿದೆ! ಅಮ್ಮ ಅಡಿಕೆ ಹಾಳೆಯಲ್ಲಿ ನೀರು ಬಾಚಿ ಹೊರಗೆ ಹಾಕುತ್ತಿದ್ದಾರೆ.

ಹೊಸನಗರ ತೋಟದವರು

ನಿಮ್ಮ "ರಾತ್ರಿಯೇ ಯಾಕೆ" ಅನ್ನುವ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ನಾನು ಕೊಡುತ್ತೇನೆ. ನಮ್ಮದೂ ಗುಡ್ಡದ ನೀರೇ.

ನೀರಿನ ಒತ್ತಡದ ಲೆಕ್ಕ ಸುಲಭ. ಪ್ರತಿ 10 ಮೀಟರ್ ಎತ್ತರಕ್ಕೆ, ಅಂದರೆ ಸುಮಾರು 33 ಅಡಿಗೆ, ಚದರ ಸೆಂಟಿಮೀಟರಿಗೆ ಒಂದು ಕೆಜಿ. ಪೈಪು ಎಷ್ಟು ಉದ್ದ ಇದೆ, ಎಷ್ಟು ಸುತ್ತಿ ಬಂದಿದೆ ಅನ್ನುವುದು ಇದಕ್ಕೆ ಲೆಕ್ಕವಿಲ್ಲ. ಎತ್ತರ ಮಾತ್ರ. ನಿಮ್ಮ 200 ಅಡಿಗೆ ಹೆಚ್ಚೂ ಕಡಿಮೆ 6 ಕೆಜಿ ಆಯ್ತು. ಅಂಗಡಿಯಲ್ಲಿ ಪೈಪು ಕೊಳ್ಳುವಾಗ "ನಾಲ್ಕು ಕೆಜಿಯದ್ದಾ, ಆರು ಕೆಜಿಯದ್ದಾ" ಅಂತ ಕೇಳುತ್ತಾರಲ್ಲ, ಅದು ಇದೇ ಕೆಜಿ. ಪೈಪಿನ ತೂಕ ಅಂದುಕೊಂಡವರು ನಮ್ಮೂರಲ್ಲಿ ಇನ್ನೂ ಇದ್ದಾರೆ.

ಈಗ ನೋಡಿ. ಹಗಲು ಹೊತ್ತು ಎಲ್ಲೋ ಒಂದು ನಲ್ಲಿ ಬಿಟ್ಟಿರುತ್ತದೆ. ಕೊಟ್ಟಿಗೆಗೆ, ಬಟ್ಟೆ ಒಗೆಯಲು, ಹೂವಿನ ಗಿಡಕ್ಕೆ. ನೀರು ಹರಿಯುತ್ತಿರುವಾಗ ಪೈಪಿನ ಗೋಡೆಗೆ ತಿಕ್ಕಿ ತಿಕ್ಕಿ ಒತ್ತಡ ಕಡಿಮೆಯಾಗಿರುತ್ತದೆ. ರಾತ್ರಿ ಊಟ ಆಗಿ, ಪಾತ್ರೆ ತೊಳೆದು, ಎಲ್ಲ ನಲ್ಲಿ ಬಂದ್ ಮಾಡಿ ಮಲಗುತ್ತೇವೆ. ಹರಿವು ನಿಂತಿತು. ಆಗ 6 ಕೆಜಿ ಪೂರ್ತಿಯಾಗಿ ಬಂದು ಕೂರುತ್ತದೆ, ಅದೂ ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ. ನಿಮ್ಮ ಲೈನಿನಲ್ಲಿ ತಗ್ಗು ಯಾವುದು? ಅಂಗಳ, ಬಚ್ಚಲು. ಅಲ್ಲೇ ಒಡೆದಿದೆ. ದೆವ್ವದ ಕಾಟ ಏನೂ ಅಲ್ಲ.

ಅಜ್ಜನ ಕಾಲದಲ್ಲಿ ಅಬ್ಬಿ ನೀರಿಗೆ ನಲ್ಲಿಯೇ ಇರಲಿಲ್ಲ. ಅಡಿಕೆ ದಂಬೆಯಲ್ಲಿ (ಸೀಳಿದ ಅಡಿಕೆ ಮರದ ದೋಣಿಯಲ್ಲಿ) ಬಂದು ಬಚ್ಚಲ ತೊಟ್ಟಿಗೆ ಬೀಳುತ್ತಿತ್ತು. ತೊಟ್ಟಿ ತುಂಬಿದ್ದು ಕಾಲುವೆ ಹಿಡಿದು ತೋಟಕ್ಕೆ ಹೋಗುತ್ತಿತ್ತು. ಹಗಲೂ ರಾತ್ರಿ ಹರಿಯುವುದೇ. ನಾವು ದಂಬೆ ತೆಗೆದು ಪೈಪು ಹಾಕಿ, ತುದಿಗೆ ನಲ್ಲಿ ಕೂರಿಸಿದ ಮೇಲೆ ಈ ರಗಳೆ ಶುರುವಾಗಿದ್ದು. ಹಾಗಂತ ನಲ್ಲಿ ಬೇಡ ಅನ್ನುತ್ತಿಲ್ಲ. ಆದರೆ ಗುಡ್ಡದ ಲೈನಿನ ತುದಿ ತೆರೆದೇ ಇರಬೇಕು. ಮುಚ್ಚುವುದಿದ್ದರೆ ಮೇಲೆ ಮುಚ್ಚಿ.

ಕೊಪ್ಪದ ಕಾಫಿ

ಕಬ್ಬಿಣದ ಪೈಪು ಹಾಕಿದರೆ ಈ ತಲೆನೋವೇ ಇಲ್ಲ.

ಗೋಪಾಳದ ಪ್ಲಂಬರ್

ತಲೆನೋವು ಬೇರೆ ಥರ ಬರುತ್ತದೆ ಅಷ್ಟೆ. ನಮ್ಮ ಕಡೆ ಹಳೇ ಮನೆಗಳಲ್ಲಿ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಕುಯ್ದು ನೋಡಿದ್ದೀರಾ? ಒಳಗೆ ತುಕ್ಕು ಕಟ್ಟಿ ಮುಕ್ಕಾಲು ಇಂಚಿನ ದಾರಿ ಪೆನ್ಸಿಲ್ ತೂರುವಷ್ಟಾಗಿರುತ್ತದೆ. ಒಡೆಯುವುದು ಮೊದಲು ಮರೆ (ಥ್ರೆಡ್) ಕೊರೆದ ಜಾಗದಲ್ಲಿ, ಯಾಕಂದರೆ ಅಲ್ಲಿ ಪೈಪು ತೆಳ್ಳಗಾಗಿರುತ್ತದೆ. ಗೋಡೆಯೊಳಗೆ ಹಾಗಾದರೆ ಗೊತ್ತಾಗುವಷ್ಟರಲ್ಲಿ ಗಾರೆ ಉಬ್ಬಿರುತ್ತದೆ.

ಹೊಸನಗರ ತೋಟದವರು

ಕಬ್ಬಿಣದ ಪೈಪು ಹೊತ್ತು ಗುಡ್ಡ ಹತ್ತಿಸುವ ಕೂಲಿ ಕೇಳಿ ನೋಡಿ ಕೊಪ್ಪದವರೇ, ಆಮೇಲೆ ಮಾತಾಡೋಣ 😀

ಕಾಡಿನ ದಾರಿಗೆ ಕರಿ ಪೈಪೇ ಸರಿ. ಬಿಸಿಲಿಗೆ ಬಾಳಿಕೆ ಬರುತ್ತದೆ. ಬಿಳಿ ಪಿವಿಸಿ ಬಿಸಿಲು ತಿಂದರೆ ಹಪ್ಪಳದ ಹಾಗೆ, ಒಂದು ಕೊಂಬೆ ಬಿದ್ದರೂ ಪುಡಿ. ಆದರೆ ಕರಿ ಪೈಪಿಗೂ ಶತ್ರುಗಳು ಇದ್ದೇ ಇದ್ದಾರೆ. ಮುಳ್ಳುಹಂದಿ ಕಡಿಯುತ್ತದೆ. ಕಾಟಿ (ಕಾಡುಕೋಣ) ತುಳಿಯುತ್ತದೆ. ಮರದಿಂದ ಮರಕ್ಕೆ ತೂಗು ಹಾಕಿದ್ದರೆ ಮುಸ್ಯಗಳು ಜೋಕಾಲಿ ಆಡುತ್ತವೆ. ಸಿಕ್ಕಿದಷ್ಟು ದೂರ ಒಂದಡಿ ಮಣ್ಣಿನಡಿ ಹೂಳಿ, ಹಳ್ಳ ದಾಟುವಲ್ಲಿ ಮಾತ್ರ ತಂತಿ ಎಳೆದು ಅದಕ್ಕೆ ಕಟ್ಟಿ.

ವಿನೋಬನಗರದ ಗೃಹಿಣಿ

ಪೇಟೆಯವರ ಕಷ್ಟವನ್ನೂ ಸ್ವಲ್ಪ ಕೇಳಿ. ನಮ್ಮದು ಬಾಡಿಗೆ ಮನೆ, ಶಿವಮೊಗ್ಗದಲ್ಲಿ. ಹೋದ ತಿಂಗಳು ಅಡುಗೆಮನೆಯಲ್ಲಿ ಸ್ಟ್ಯಾಂಡ್ ಹಾಕಲು ಬಂದ ಹುಡುಗ ಡ್ರಿಲ್ ಮಾಡಿದ ಕೂಡಲೇ ಗೋಡೆಯಿಂದ ನೀರು ಚಿಮ್ಮಿತು. ಅವನು ಗಾಬರಿಯಾಗಿ ಡ್ರಿಲ್ ಹೊರಗೆ ಎಳೆದ. ಅಲ್ಲಿಯವರೆಗೆ ಸಣ್ಣಗೆ ಬರುತ್ತಿದ್ದದ್ದು ಆಮೇಲೆ ಎದುರು ಗೋಡೆಗೆ ಹೊಡೆಯಿತು. ಟೆರೇಸಿಗೆ ಓಡಿದರೆ ಟ್ಯಾಂಕಿನ ಗೇಟ್‌ವಾಲ್ವ್ ತಿರುಗುತ್ತಲೇ ಇಲ್ಲ, ಜಾಮ್! ಓನರ್ ಆಂಟಿ ಅಷ್ಟರಲ್ಲಿ ಟ್ಯಾಂಕಿನ ಮುಚ್ಚಳ ತೆಗೆದು, ಒಳಗೆ ನೀರು ಹೊರಡುವ ತೂತಿಗೆ ಒದ್ದೆ ಬಟ್ಟೆ ಉಂಡೆ ಮಾಡಿ ಒತ್ತಿದರು. ನಿಂತೇ ಹೋಯ್ತು. ಎಂಥ ತಲೆ ನೋಡಿ ಅವರದ್ದು!

ಗೋಪಾಳದ ಪ್ಲಂಬರ್

ಆಂಟಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ ಹೇಳಿ ಅಕ್ಕ. ಬಟ್ಟೆಯನ್ನು ನೀರೇ ಎಳೆದು ಬಿಗಿ ಮಾಡುತ್ತದೆ. ಆದರೆ ದೊಡ್ಡ ಬಟ್ಟೆಯೇ ಇರಲಿ, ಒಂದು ತುದಿ ಹೊರಗೆ ಉಳಿಯಲಿ. ಚಿಕ್ಕ ಚಿಂದಿಯಾದರೆ ಪೈಪಿನೊಳಗೆ ಹೋಗಿ ಕೂರುತ್ತದೆ.

ಮೊಳೆ ಅಥವಾ ಡ್ರಿಲ್ ಪೈಪಿಗೆ ಹೊಕ್ಕರೆ ಅದನ್ನು ಎಳೆಯಬಾರದು. ಆ ಹೊತ್ತಿಗೆ ಅದೇ ಬಿರಡೆ. ಡ್ರಿಲ್ ಮೆಷಿನ್ನಿನ ಪ್ಲಗ್ ಕಿತ್ತು, ಬಿಟ್ ಅಲ್ಲೇ ಬಿಟ್ಟು, ವಾಲ್ವ್ ಬಂದ್ ಮಾಡಿ ಆಮೇಲೆ ತೆಗೆಯಬೇಕು. ನಲ್ಲಿಯ ನೇರ ಮೇಲೆ, ನೇರ ಕೆಳಗೆ ಮೊಳೆ ಹೊಡೆಯಬೇಡಿ. ಪೈಪು ಸಾಮಾನ್ಯ ಅದೇ ಗೆರೆಯಲ್ಲಿ ಹೋಗಿರುತ್ತದೆ.

ಗೇಟ್‌ವಾಲ್ವ್ ಜಾಮ್ ಆಗುವುದು ವರ್ಷಗಟ್ಟಲೆ ಮುಟ್ಟದೇ ಬಿಟ್ಟಿದ್ದಕ್ಕೆ. ಹಬ್ಬಕ್ಕೆ ಮನೆ ತೊಳೆಯುತ್ತೀರಲ್ಲ, ಆಗ ಒಂದು ಸಲ ಪೂರ್ತಿ ಮುಚ್ಚಿ ತೆರೆಯಿರಿ. ಒಡೆದಾಗ ಪುರುಸೊತ್ತು ಇರುವುದಿಲ್ಲ. ಅರ್ಧ ಇಂಚಿನ ಪೈಪು ಪೂರ್ತಿ ತುಂಡಾದರೆ ಸಾವಿರ ಲೀಟರಿನ ಸಿಂಟೆಕ್ಸ್ ಒಂದು ಗಂಟೆಯೊಳಗೆ ಖಾಲಿ.

ಸಾಗರದ ಮೇಷ್ಟ್ರು

ಗೋಡೆಯೊಳಗೆ ಸೋರುತ್ತಿದೆಯೋ ಇಲ್ಲವೋ ಅಂತ ಅನುಮಾನ ಇದ್ದವರಿಗೆ ಒಂದು ಉಪಾಯ. ಮೀಟರ್ ಇದ್ದರೆ ಮನೆಯ ಎಲ್ಲ ನಲ್ಲಿ ಬಂದ್ ಮಾಡಿ, ಟ್ಯಾಂಕಿಗೆ ನೀರು ಬೀಳುವುದನ್ನೂ ನಿಲ್ಲಿಸಿ, ಮೀಟರಿನ ಮುಳ್ಳು ನೋಡಿ. ಆಗಲೂ ತಿರುಗುತ್ತಿದ್ದರೆ ಮೀಟರಿಗೂ ಟ್ಯಾಂಕಿಗೂ ನಡುವೆ ಎಲ್ಲೋ ಹೋಗುತ್ತಿದೆ. ಟ್ಯಾಂಕಿನಿಂದ ಕೆಳಗಿನ ಲೈನಿಗೆ ಮೀಟರ್ ಕೆಲಸಕ್ಕೆ ಬರುವುದಿಲ್ಲ. ರಾತ್ರಿ ಟ್ಯಾಂಕಿನ ಒಳಗೆ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದು ಬೆಳಿಗ್ಗೆ ನೋಡಬೇಕು.

ಬೀದಿಯ ಲೈನು ಒಡೆದರೆ ಹಳ್ಳಿಯಲ್ಲಿ ಪಂಚಾಯ್ತಿಯ ನೀರುಗಂಟಿಗೆ ಹೇಳಿ, ಶಿವಮೊಗ್ಗ ಪೇಟೆಯಲ್ಲಾದರೆ ನೀರು ಸರಬರಾಜಿನವರಿಗೆ. 2019ರಲ್ಲಿ ಜಲಜೀವನ್ ಮಿಷನ್ ಬಂದ ಮೇಲೆ ಹಳ್ಳಿಗಳಲ್ಲೂ ರಸ್ತೆ ಬದಿಯಲ್ಲೆಲ್ಲ ಪೈಪು ಇದೆ. ಯಾರೋ ಚರಂಡಿ ತೆಗೆಸಲು ಜೆಸಿಬಿ ತಂದರೆ ಮೊದಲು ಕಿತ್ತು ಬರುವುದು ಅದೇ. ರಿಪೇರಿ ಆದ ಮೇಲೆ ಮೊದಲು ಬರುವ ಕೆಂಪು ನೀರನ್ನು ಟ್ಯಾಂಕಿಗೆ ಬಿಟ್ಟುಕೊಳ್ಳಬೇಡಿ. ತಿಳಿಯಾಗುವ ತನಕ ಹೊರಗೆ ಹರಿಸಿ, ಮುಂದಿನ ಕೆಲವು ದಿನ ಕಾಯಿಸಿ ಆರಿಸಿದ ನೀರನ್ನೇ ಕುಡಿಯಿರಿ. ಒಡೆದ ಜಾಗದಲ್ಲಿ ಚರಂಡಿ ನೀರು ಒಳಗೆ ಹೋಗಿರುತ್ತದೆ.

ಮೇಗರವಳ್ಳಿ ಕಡೆಯವ

ಮನೆ ಮಣ್ಣಿನ ಗೋಡೆಯದ್ದು, ಬಚ್ಚಲು ಮಾತ್ರ ಜಂಬಿಟ್ಟಿಗೆ ಕಲ್ಲು. ನಡುಮನೆಯ ಗೋಡೆಯ ಬುಡ ಮೊಣಕಾಲೆತ್ತರ ಕಪ್ಪಾಗಿದೆಯಂತೆ. ಅದಕ್ಕೆ ಒರಗಿಸಿ ಅಡಿಕೆ ಚೀಲ ಬೇರೆ ಇಟ್ಟಿದ್ದರು. ಇದಕ್ಕೇನು ಮಾಡುವುದು?

ಹೊಸನಗರ ತೋಟದವರು

ಅಡಿಕೆ ಇವತ್ತೇ ಚೀಲದಿಂದ ಹೊರಗೆ ಬರಬೇಕು. ಕೆಳಗಿನ ಚೀಲ ಮಾತ್ರ ಒದ್ದೆ, ಮೇಲಿನದ್ದು ಒಣಗಿದೆ ಅಂತ ಬಿಡಬೇಡಿ. ಗೋಣಿ ನೀರನ್ನು ಮೇಲಕ್ಕೆ ಎಳೆಯುತ್ತದೆ. ಒದ್ದೆಯಾದದ್ದನ್ನು ಬೇರೆ ಮಾಡಿ, ಜಗಲಿಯಲ್ಲಿ ತೆಳ್ಳಗೆ ಹರವಿ. ಕರೆಂಟಿನವರು ಸರಿ ಅಂದ ಮೇಲೆ ಫ್ಯಾನ್ ಹಾಕಿ. ಬಿಸಿಲು ಬಂದ ದಿನ ಅಂಗಳಕ್ಕೆ. ಒಂದು ಸಲ ಬೂಸ್ಟು ಹಿಡಿಯಿತು ಅಂದರೆ ಅಡಿಕೆ ಮಂಡಿಯಲ್ಲಿ ಮೂಸಿ ನೋಡಿ ಪಕ್ಕಕ್ಕಿಡುತ್ತಾರೆ. ಒಳ್ಳೆ ರಾಶಿ ಜೊತೆ ಬೆರೆಸಿದರೆ ಪೂರ್ತಿ ಚೀಲಕ್ಕೇ ಕುತ್ತು.

ಗೋಡೆ ಇನ್ನೂ ಮುಖ್ಯ. ಮಣ್ಣಿನ ಗೋಡೆ ಒಣಗಿದ್ದಾಗ ಕಲ್ಲು, ಬುಡ ನೆನೆದರೆ ಕೆಸರು. ಗೋಡೆಯ ಪಕ್ಕದಲ್ಲಿ ಮಂಚ ಇದ್ದರೆ ಇವತ್ತೇ ಬೇರೆ ಕೋಣೆಗೆ ಹಾಕಿಸಿ. ಹೊಸ ಬಿರುಕು ಕಂಡರೆ, ಬುಡ ಉಬ್ಬಿದ್ದರೆ, ತೊಲೆಯ ಕೆಳಗೆ ಮಣ್ಣು ಉದುರುತ್ತಿದ್ದರೆ ಆ ಕೋಣೆಯಲ್ಲಿ ಯಾರೂ ಮಲಗಬಾರದು. ತೊಲೆಗೆ ಊರುಗೋಲು ಕೊಡಿಸಿ. ಬೇಗ ಒಣಗಲಿ ಅಂತ ಬೆಂಕಿ ಕೆಂಡ ಇಡುವವರಿದ್ದಾರೆ, ಬೇಡ. ಮೇಲ್ಮೈ ಒಣಗಿ ಬಿರಿಯುತ್ತದೆ, ಒಳಗೆ ಹಸಿ ಹಾಗೇ ಇರುತ್ತದೆ. ಕಿಟಕಿ ಬಾಗಿಲು ತೆಗೆದು ಗಾಳಿ ಆಡಲು ಬಿಡಿ. ಆಗುಂಬೆ ಬದಿಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಬೀಳುತ್ತದೆ, ಗಾಳಿಯೂ ಒದ್ದೆಯೇ. ನಿಧಾನ ಆಗುತ್ತದೆ, ತಾಳ್ಮೆ ಬೇಕು.

ವಿನೋಬನಗರದ ಗೃಹಿಣಿ

ಪಹಣಿ, ಪತ್ರ, ಹಳೇ ಫೋಟೋ ನೆನೆದಿದ್ದರೆ ಬಿಸಿಲಿಗೆ ಇಡಬೇಡಿ, ಸುರುಟಿಕೊಳ್ಳುತ್ತವೆ. ನೆರಳಲ್ಲಿ, ಹಾಳೆಗಳ ನಡುವೆ ಹಳೇ ಪಂಚೆಯ ತುಂಡು ಇಟ್ಟು ಒಣಗಿಸಿ.

ರಿಪ್ಪನ್‌ಪೇಟೆ ಹುಡುಗ

ಬಚ್ಚಲ ಪೈಪಿಗೆ ಸದ್ಯಕ್ಕೆ ಸೈಕಲ್ ಟ್ಯೂಬ್ ಸುತ್ತಿದರೆ? ಅಥವಾ ಎಂ-ಸೀಲ್?

ಗೋಪಾಳದ ಪ್ಲಂಬರ್

ಹೊರಗೆ ಕಾಣುವ ಪೈಪಿಗಾದರೆ ಸೈಕಲ್ ಟ್ಯೂಬ್ ಒಳ್ಳೆಯದೇ. ಉದ್ದಕ್ಕೆ ಪಟ್ಟಿ ಸೀಳಿ, ಎಳೆದು ಎಳೆದು ಸುತ್ತಿ, ಮೇಲೆ ಎರಡು ಕ್ಲಿಪ್ ಬಿಗಿದರೆ ಒಂದೆರಡು ದಿನ ತಡೆಯುತ್ತದೆ. ಎಂ-ಸೀಲ್ ಒದ್ದೆ ಪೈಪಿಗೆ ಹಿಡಿಯುವುದಿಲ್ಲ, ಒಣಗಿಸಿಯೇ ಹಚ್ಚಬೇಕು. ಅದೂ ಟ್ಯಾಂಕಿನ ನೀರಿಗೆ ಸರಿ, 6 ಕೆಜಿಗೆ ಅಲ್ಲ.

ಇವರ ಮನೆಗೆ ನಾನು ಹೇಳುವುದು ಬೇರೆ. ಒಡೆದಿರುವುದು ಬಚ್ಚಲಿಗೆ ಹೋಗುವ ಕವಲು. ಅದು ಗೋಡೆಯೊಳಗೆ ಹೋಗುವ ಮುಂಚೆ ಕುಯ್ದು, ಒಂದು ಎಂಡ್ ಕ್ಯಾಪ್ ಅಂಟಿಸಿ. ಅಂಗಳದಲ್ಲಿ ಕುಯ್ದದ್ದನ್ನು ಆಮೇಲೆ ಜಾಯಿಂಟರ್ ಹಾಕಿ ಕೂಡಿಸಿದರೆ ಅಡುಗೆಮನೆಗೆ, ಕೊಟ್ಟಿಗೆಗೆ ನೀರು ಸಿಗುತ್ತದೆ. ನಾಡಿದ್ದು ಬರುತ್ತೇನೆ ಅಂದ ಪ್ಲಂಬರ್ ಆಚೆ ನಾಡಿದ್ದು ಬಂದರೂ ಕಷ್ಟವಿಲ್ಲ. ನಾವೂ ಹಾಗೇ, ಸುಮ್ನೆ ಬೈಯಬೇಡಿ, ಮಳೆಗಾಲದಲ್ಲಿ ಒಂದೇ ದಿನ ಹತ್ತು ಮನೆಯ ಫೋನು ಬರುತ್ತದೆ.

ಅಂಟಿಸುವ ಕ್ರಮ ಹೇಳುತ್ತೇನೆ, ಗೌಡ್ರೇ ಮಾಡಬಹುದು. ಪೈಪು ನೇರವಾಗಿ ಕುಯ್ಯಬೇಕು, ಓರೆಯಾದರೆ ಸೋರುತ್ತದೆ. ಅಂಚಿನ ಜುಂಗನ್ನು ಚಾಕುವಿನಲ್ಲಿ ಕೆರೆದು ತೆಗೆಯಿರಿ. ಆಮೇಲೆ ಒಣಬಟ್ಟೆಯಲ್ಲಿ ಒರೆಸಿ. ಹನಿ ನೀರೂ ಇರಬಾರದು, ಅರ್ಧ ಕೆಲಸ ಕೆಡುವುದು ಇಲ್ಲೇ. ಹನಿಯುತ್ತಿದ್ದರೆ ಅದಕ್ಕಿಂತ ತಗ್ಗಿನ ನಲ್ಲಿ ಒಂದನ್ನು ತೆರೆದಿಡಿ. ಗಮ್ಮನ್ನು ಪೈಪಿನ ಹೊರಗೂ ಕ್ಯಾಪಿನ ಒಳಗೂ ತೆಳ್ಳಗೆ ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ಕೊನೆಯವರೆಗೆ ಒತ್ತಿ, ಅರ್ಧ ನಿಮಿಷ ಕೈ ಬಿಡದೇ ಹಿಡಿಯಿರಿ. ಬಿಟ್ಟರೆ ಕ್ಯಾಪು ಮೆಲ್ಲಗೆ ಹಿಂದೆ ಬರುತ್ತದೆ. ಈ ಹವಾಮಾನಕ್ಕೆ ರಾತ್ರಿ ಪೂರ್ತಿ ಒಣಗಲು ಬಿಟ್ಟು ಬೆಳಿಗ್ಗೆ ನೀರು ಬಿಡಿ. ಪಿವಿಸಿಗೆ ಪಿವಿಸಿ ಗಮ್, ಬಿಸಿನೀರಿನ ಸಿಪಿವಿಸಿಗೆ ಅದರದ್ದೇ ಗಮ್. ಡಬ್ಬಿಯೊಳಗೆ ಗಟ್ಟಿಯಾಗಿ ತುಪ್ಪದಂತಾಗಿದ್ದರೆ ಎಸೆಯಿರಿ.

ಮೇಗರವಳ್ಳಿ ಕಡೆಯವ

ಶನಿವಾರ ನಾನೇ ಊರಿಗೆ ಹೋಗುತ್ತಿದ್ದೇನೆ. ಪೂರ್ತಿ ಲೈನು ಬದಲಿಸಬೇಕಾ, ಅಥವಾ ಟ್ಯಾಂಕು ಇಟ್ಟರೆ ಸಾಕಾ?

ಹೊಸನಗರ ತೋಟದವರು

ಲೈನಿಗೆ ಹಾಕುವ ದುಡ್ಡನ್ನು ಮೊದಲು ಟ್ಯಾಂಕಿಗೆ ಹಾಕಿ. ಮನೆಯ ಮೇಲೆ ಟ್ಯಾಂಕು ಇಟ್ಟು ಗುಡ್ಡದ ನೀರು ಅದಕ್ಕೆ ಬೀಳಲಿ. ಮನೆಯೊಳಗಿನ ಪೈಪಿಗೆ ಆಮೇಲೆ ಸಿಗುವುದು ಹತ್ತು ಹನ್ನೆರಡು ಅಡಿಯ ಒತ್ತಡ ಮಾತ್ರ. ಆದರೆ ಟ್ಯಾಂಕಿಗೆ ಬಾಲ್‌ಕಾಕ್ (ತುಂಬಿದ ಕೂಡಲೇ ತಾನೇ ಮುಚ್ಚುವ ತೇಲುಗುಂಡಿನ ನಲ್ಲಿ) ಹಾಕಿ ನೀರು ನಿಲ್ಲಿಸಬೇಡಿ, ಮತ್ತೆ ಮೊದಲಿನ ಕತೆಯೇ. ಓವರ್‌ಫ್ಲೋ ಪೈಪು ದೊಡ್ಡದೇ ಇರಲಿ, ತೋಟಕ್ಕೆ ಬಿಡಿ.

ಬೇಸಿಗೆಯಲ್ಲಿ ಒರತೆ ಸಣ್ಣಗಾದಾಗ ನೀರು ಪೋಲಾಗಬಾರದು ಅನ್ನಿಸಿದರೆ ಗುಡ್ಡದ ಅರ್ಧ ದಾರಿಯಲ್ಲಿ ಇನ್ನೊಂದು ಸಣ್ಣ ತೊಟ್ಟಿ ಕಟ್ಟಿ. 100 ಅಡಿ ಮೇಲೆ, 100 ಅಡಿ ಕೆಳಗೆ. ಮೇಲಿನ ನೀರು ತೊಟ್ಟಿಗೆ ಬಿದ್ದ ಕೂಡಲೇ ಅದರ ಒತ್ತಡ ಅಲ್ಲಿಗೆ ಮುಗಿಯಿತು. ಕೆಳಗಿನ ಲೈನನ್ನು ಆಗ ಮನೆಯಲ್ಲಿ ಬಂದ್ ಮಾಡಿದರೂ 3 ಕೆಜಿ ಅಷ್ಟೆ, ನಾಲ್ಕು ಕೆಜಿ ಪೈಪು ತಡೆಯುತ್ತದೆ. ತೊಟ್ಟಿ ತುಂಬಿ ಉಕ್ಕಿದ್ದು ಹಳ್ಳಕ್ಕೇ ವಾಪಸ್ ಹೋಗುತ್ತದೆ, ಕೆಳಗಿನ ಗದ್ದೆಯವರೂ ಗಲಾಟೆ ಮಾಡುವುದಿಲ್ಲ. ಒರತೆಯ ಬಾಯಿಗೆ ಜಾಲರಿ ಕಟ್ಟಿ. ಇಲ್ಲದಿದ್ದರೆ ಮೊದಲ ಮಳೆಗೆ ದರಗು (ಒಣಗಿದ ಎಲೆ) ನುಗ್ಗಿ ಪೈಪು ಕಟ್ಟುತ್ತದೆ.

ಗೋಪಾಳದ ಪ್ಲಂಬರ್

ತೋಟದವರು ಹೇಳಿದ್ದಕ್ಕೆ ನನ್ನದು ಎರಡು ಮಾತು ಸೇರಿಸಿ. ಅಂಗಳದಲ್ಲಿ ಈಗ ಕುಯ್ದ ಜಾಗಕ್ಕೆ ಸುಮ್ನೆ ಜಾಯಿಂಟರ್ ಹಾಕಿ ಮುಗಿಸಬೇಡಿ. ಅಲ್ಲೊಂದು ಟೀ (ಮೂರು ಬಾಯಿಯ ಜಾಯಿಂಟ್) ಹಾಕಿ, ಅದರ ಅಡ್ಡ ಬಾಯಿಗೆ ಗೇಟ್‌ವಾಲ್ವ್ ಕೂರಿಸಿ ತೋಟದ ಕಡೆ ತಿರುಗಿಸಿ. ಮುಂದೆ ಒಳಗೆ ಎಲ್ಲೇ ಒಡೆದರೂ ಅಮ್ಮ ಆ ವಾಲ್ವ್ ತೆರೆದರೆ ಸಾಕು. ಕೆಂಪು ಬಣ್ಣ ಬಳಿದು ತೋರಿಸಿಕೊಡಿ. ಬಾಲ್‌ವಾಲ್ವ್ ಬೇಡ. ಉದ್ದದ ಲೈನಿನಲ್ಲಿ ಅದನ್ನು ಟಪ್ ಅಂತ ಮುಚ್ಚಿದರೆ ಹರಿಯುವ ನೀರು ಗುದ್ದಿದ ಹಾಗೆ ಬಂದು ಜಾಯಿಂಟ್ ಬಿಚ್ಚುತ್ತದೆ.

ಅಂಗಡಿಗೆ ಹೋಗುವಾಗ ಕುಯ್ದ ಪೈಪಿನ ತುಂಡು ಕೈಯಲ್ಲಿರಲಿ. ಕರಿ ಪೈಪಿನ ಅಳತೆ ಹೊರಗಿನ ಮಿಲಿಮೀಟರಿನಲ್ಲಿ. ನಾವು ಬಾಯಲ್ಲಿ ಹೇಳುವುದು ಇಂಚು. ಬಸ್ಸಿಗೆ ಹೋಗಿ ಬಂದ ಮೇಲೆ ಕೂರದಿದ್ದರೆ ಒಂದು ದಿನ ಹಾಳು.

ಮೇಗರವಳ್ಳಿ ಕಡೆಯವ

ತುಂಡು ತೆಗೆದಿಡಲು ಹೇಳಿದ್ದೇನೆ ಅಣ್ಣ. ಗೌಡ್ರು ಎಂಡ್ ಕ್ಯಾಪ್ ಹಾಕಿ, ಅಂಗಳದ ಪೈಪನ್ನು ಸದ್ಯಕ್ಕೆ ಕೂಡಿಸಿದರು, ಅಡುಗೆಮನೆಗೆ ನೀರು ಬಂತು. ಅಪ್ಪನಿಗೆ ಮಾತ್ರ ಟ್ಯಾಂಕು ಇಡುವುದು ಇಷ್ಟವಿಲ್ಲ. "ಹರಿಯುವ ನೀರು ಬಿಟ್ಟು ನಿಂತ ನೀರು ಕುಡಿಯಬೇಕಾ" ಅನ್ನುತ್ತಾರೆ.

ಹೊಸನಗರ ತೋಟದವರು

ಟ್ಯಾಂಕು ಇಟ್ಟರೂ ಅಡುಗೆಗೆ ಬೇರೆ ನಲ್ಲಿ ಇಡಬಹುದು ಅನ್ನಿ. ಅರ್ಧ ದಾರಿಯ ತೊಟ್ಟಿಯಿಂದ ಬರುವ ಲೈನಿಗೆ ಒಂದು ಕವಲು ತೆಗೆದು ನೇರ ಅಡುಗೆಮನೆಗೆ ಕೊಡಿ, ಆರು ಕೆಜಿ ಪೈಪಿನಲ್ಲಿ. ಅಪ್ಪನಿಗೆ ಹರಿಯುವ ನೀರು, ಬಚ್ಚಲಿಗೆ ಟ್ಯಾಂಕಿನ ನೀರು. ತೊಟ್ಟಿಗೆ ಜಾಗ ನೋಡಲು ಅಪ್ಪನನ್ನೇ ಕರೆದುಕೊಂಡು ಹೋಗಿ, ಎಲ್ಲಿ ಬಂಡೆ ಇದೆ ಎಲ್ಲಿ ಮಣ್ಣು ಕುಸಿಯುತ್ತದೆ ಅಂತ ಅವರಿಗೇ ಗೊತ್ತಿರುವುದು.

ಮೇಗರವಳ್ಳಿ ಕಡೆಯವ

ಇದಕ್ಕೆ ಒಪ್ಪಿದರು! ಟೀ, ಗೇಟ್‌ವಾಲ್ವ್ ಮೇಗರವಳ್ಳಿಯಲ್ಲೇ ಸಿಗುತ್ತದಾ ಅಥವಾ ತೀರ್ಥಹಳ್ಳಿಯಿಂದ ತರಬೇಕಾ?

ಗೋಪಾಳದ ಪ್ಲಂಬರ್

ಬರುವ ದಾರಿಯಲ್ಲಿ ತೀರ್ಥಹಳ್ಳಿಯಲ್ಲೇ ಇಳಿದು ತೆಗೆದುಕೊಳ್ಳಿ. ಜಾಯಿಂಟರ್ ಮತ್ತು ಕ್ಲಿಪ್ ಒಂದೆರಡು ಜಾಸ್ತಿಯೇ ಇರಲಿ.